ಕಾರಣವಿದೆ, ಅಪರಾಧಿ ಇಲ್ಲ

ಶಿವಾಜಿನಗರದ ಬೌರಿಂಗ್ ಆಸ್ಪತ್ರೆಯಿಂದ ಸೇಂಟ್ ಮೇರಿ ಬೆಸಿಲಿಕಾಕ್ಕೆ ನಡೆದೇ ಹೋಗಬಹುದು. ಸುತ್ತಲಿನ ಬೀದಿಗಳಲ್ಲಿ ಮಸೀದಿಗಳೂ ದರ್ಗಾಗಳೂ ಇವೆ. ಪೂರ್ವಕ್ಕೆ ಸ್ವಲ್ಪ ಹೋದರೆ ಹಲಸೂರು ಕೆರೆಯ ಪಕ್ಕದ ಗುರುದ್ವಾರ, ಇನ್ನೂ ಮುಂದೆ ಸೋಮೇಶ್ವರ ದೇವಸ್ಥಾನ. ಬೆಂಗಳೂರು ದಂಡಿನ ಈ ಭಾಗದಲ್ಲಿ ಆಸ್ಪತ್ರೆಯ ಬಾಗಿಲಿಗೂ ದೇವರ ಬಾಗಿಲಿಗೂ ಹೆಚ್ಚು ಅಂತರವಿಲ್ಲ. ರಿಪೋರ್ಟು ಕೈಯಲ್ಲಿ ಹಿಡಿದವರು ಎರಡೂ ಕಡೆ ಹೋಗುತ್ತಾರೆ. ಡಾಕ್ಟರ ಮುಂದೆ ಅವರು ಕೇಳುವುದು, ಇದಕ್ಕೇನು ಮಾಡಬೇಕು ಎಂದು. ದೇವರ ಮುಂದೆ ಕೇಳುವುದು, ನಾನೇನು ಮಾಡಿದ್ದೆ ಎಂದು. ಪ್ರಾಸ್ಟೇಟ್ ಕ್ಯಾನ್ಸರ್ ಬಂದವರಿಗೆ ಈ ಎರಡನೆಯ ಪ್ರಶ್ನೆ ಎರಡು ಸಲ ಎದುರಾಗುತ್ತದೆ. ಕಾಯಿಲೆ ಪತ್ತೆಯಾದಾಗ ಒಮ್ಮೆ. ಹಾರ್ಮೋನು ಚಿಕಿತ್ಸೆಗೆ ತಗ್ಗಿದ ಕಾಯಿಲೆ ಕೆಲವು ತಿಂಗಳೋ ಕೆಲವು ವರ್ಷವೋ ಕಳೆದ ಮೇಲೆ ಆ ಚಿಕಿತ್ಸೆಗೆ ಬಗ್ಗದೆ ಮತ್ತೆ ತಲೆಯೆತ್ತಿದಾಗ ಇನ್ನೊಮ್ಮೆ. ಎರಡನೆಯ ಸಲದ ಪ್ರಶ್ನೆ ಹೆಚ್ಚು ಕಠೋರ. ಹೇಳಿದ ಔಷಧಿಯನ್ನೆಲ್ಲ ತೆಗೆದುಕೊಂಡು, ಹರಕೆಯನ್ನೆಲ್ಲ ತೀರಿಸಿದ ಮೇಲೂ ಹೀಗಾಯಿತೆಂದರೆ ಇದು ತೀರ್ಪೇ ಇರಬೇಕು ಎಂದು ರೋಗಿಗೆ ಅನ್ನಿಸುತ್ತದೆ. ಮನೆಯವರಿಗೂ ಒಳಗೊಳಗೇ ಹಾಗೆ ಅನ್ನಿಸುತ್ತದೆ. ಈ ಪ್ರಶ್ನೆಯನ್ನು ಮೂಢನಂಬಿಕೆ ಎಂದು ತಳ್ಳಿಹಾಕುವುದು ಸುಲಭ, ಆದರೆ ಅನ್ಯಾಯ. ನೋವಿನಲ್ಲಿರುವವರು ಕೇಳುವ ಪ್ರಶ್ನೆಗೆ ಪ್ರಾಮಾಣಿಕವಾದ ಉತ್ತರ ಕೊಡಬೇಕಾದ ಋಣ ನಮ್ಮ ಮೇಲಿದೆ. ನಾನು ಕೊಡಬಯಸುವ ಉತ್ತರ ಇಷ್ಟು: ಈ ಕಾಯಿಲೆಗೆ ಕಾರಣವಿದೆ, ಅಪರಾಧಿ ಇಲ್ಲ. ಜೀವಕೋಶದೊಳಗಿನ ಸಾಕ್ಷ್ಯ ಅದನ್ನೇ ಹೇಳುತ್ತದೆ. ನಮ್ಮ ಧರ್ಮಗಳು ಎಚ್ಚರದಿಂದ ಯೋಚಿಸಿದಾಗ ಹೇಳಿರುವುದೂ ಅದನ್ನೇ. ಇದನ್ನು ಒಪ್ಪಿಕೊಂಡರೆ ಧರ್ಮದ ಹೊಣೆ ಹಗುರವಾಗುವುದಿಲ್ಲ, ಇನ್ನಷ್ಟು ಭಾರವಾಗುತ್ತದೆ.

ಮೊದಲು ಸಾಕ್ಷ್ಯವನ್ನು ಹತ್ತಿರದಿಂದ ನೋಡೋಣ. ಗಂಡಸರ ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಸುತ್ತಿಕೊಂಡಿರುವ ಸಣ್ಣ ಗ್ರಂಥಿ ಪ್ರಾಸ್ಟೇಟ್. ಅದು ಬೆಳೆಯುವುದೂ ಬದುಕುವುದೂ ಟೆಸ್ಟೋಸ್ಟೆರಾನ್ ಎಂಬ ಹಾರ್ಮೋನಿನ ಆಸರೆಯಲ್ಲಿ. ಈ ಹಾರ್ಮೋನು ಗ್ರಂಥಿಯ ಜೀವಕೋಶದೊಳಗೆ ಬಂದಾಗ ಒಂದು ಕಿಣ್ವ ಅದನ್ನು ಇನ್ನೂ ಪ್ರಬಲವಾದ ರೂಪಕ್ಕೆ ತಿರುಗಿಸುತ್ತದೆ. ಆ ರೂಪ ಆಂಡ್ರೊಜೆನ್ ಗ್ರಾಹಕ ಎಂಬ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ, ಬೀಗಕ್ಕೆ ಕೀಲಿಕೈ ಕೂತಂತೆ. ಅಲ್ಲಿಯವರೆಗೆ ಬೇರೆ ಪ್ರೋಟೀನುಗಳ ಹಿಡಿತದಲ್ಲಿ ಸುಮ್ಮನಿದ್ದ ಗ್ರಾಹಕ ಬಿಡಿಸಿಕೊಂಡು, ತನ್ನಂಥ ಇನ್ನೊಂದರ ಜೊತೆ ಜೋಡಿಯಾಗಿ ಕೋಶಕೇಂದ್ರಕ್ಕೆ ಹೋಗುತ್ತದೆ. ಅಲ್ಲಿ ಡಿಎನ್‌ಎಯ ನಿರ್ದಿಷ್ಟ ಜಾಗಗಳ ಮೇಲೆ ಕೂತು ಬೆಳೆಯುವ, ಬದುಕುವ ಜೀನುಗಳನ್ನು ಚಾಲೂ ಮಾಡುತ್ತದೆ. ಹಾಗೆ ಚಾಲೂ ಆಗುವ ಜೀನುಗಳಲ್ಲಿ ಒಂದು ಪಿಎಸ್‌ಎ ಎಂಬ ಪ್ರೋಟೀನಿನದು. ರಕ್ತಪರೀಕ್ಷೆಯಲ್ಲಿ ಪಿಎಸ್‌ಎ ಏರಿತೋ ಇಳಿಯಿತೋ ಎಂದು ಮನೆಯವರೆಲ್ಲ ಉಸಿರು ಬಿಗಿಹಿಡಿದು ನೋಡುವ ಅಂಕಿ ಇದೇ. ಗಂಡಸ್ತನದ ಗುರುತೆಂದು ಜನ ಹೆಮ್ಮೆಪಡುವ ಹಾರ್ಮೋನಿನ ಸಂಕೇತವನ್ನು ಓದುವ ಈ ಗ್ರಾಹಕದ ಜೀನು ಗಂಡಸಿಗೆ ಬರುವುದು ತಾಯಿಯ ಕಡೆಯಿಂದ, ಎಕ್ಸ್ ಕ್ರೋಮೋಸೋಮಿನ ಮೂಲಕ. 1941ರಲ್ಲಿ ಚಾರ್ಲ್ಸ್ ಹಗಿನ್ಸ್ ಮತ್ತು ಕ್ಲಾರೆನ್ಸ್ ಹಾಜಸ್ ಅಮೆರಿಕದ ಶಿಕಾಗೋದಲ್ಲಿ ತೋರಿಸಿಕೊಟ್ಟದ್ದು ಈ ಆಸರೆಯನ್ನು ಕಿತ್ತರೆ ಏನಾಗುತ್ತದೆ ಎಂಬುದನ್ನು. ವೃಷಣಗಳನ್ನು ತೆಗೆದಾಗ, ಇಲ್ಲವೇ ಹೆಣ್ಣಿನ ಹಾರ್ಮೋನು ಕೊಟ್ಟಾಗ, ಮೂಳೆಗೆ ಹರಡಿದ್ದ ಕಾಯಿಲೆಯೂ ತಗ್ಗಿತು, ನೋವು ಇಳಿಯಿತು. ಹಗಿನ್ಸ್‌ಗೆ 1966ರಲ್ಲಿ ನೊಬೆಲ್ ಬಂತು. ಇವತ್ತಿಗೂ ಹರಡಿದ ಪ್ರಾಸ್ಟೇಟ್ ಕ್ಯಾನ್ಸರಿಗೆ ಮೊದಲ ಚಿಕಿತ್ಸೆ ಇದೇ ತತ್ವದ್ದು: ಅನುಕೂಲವಿದ್ದವರಿಗೆ ತಿಂಗಳಿಗೋ ಮೂರು ತಿಂಗಳಿಗೋ ಒಂದು ಇಂಜೆಕ್ಷನ್, ಖರ್ಚು ಭರಿಸಲಾಗದ ಅನೇಕರಿಗೆ ಆಪರೇಷನ್.

ಇನ್ನು ಎರಡನೆಯ ಅಧ್ಯಾಯ. ರಕ್ತದಲ್ಲಿ ಟೆಸ್ಟೋಸ್ಟೆರಾನ್ ಪ್ರಮಾಣ ಡೆಸಿಲೀಟರಿಗೆ 50 ನ್ಯಾನೋಗ್ರಾಮಿಗಿಂತ ಕೆಳಗಿಳಿದು ಅಲ್ಲೇ ನಿಂತಿದ್ದರೂ ಪಿಎಸ್‌ಎ ಏರತೊಡಗುತ್ತದೆ. ಆಸರೆಯೇ ಇಲ್ಲದೆ ಗೆಡ್ಡೆ ಬೆಳೆಯುವುದು ಹೇಗೆ? ಈ ಪ್ರಶ್ನೆಗೆ ಹಲವು ದಶಕಗಳ ಸಂಶೋಧನೆ ಕೊಟ್ಟಿರುವ ಉತ್ತರ ಒಂದಲ್ಲ, ಹಲವು. ಕೆಲವು ಗೆಡ್ಡೆಗಳಲ್ಲಿ ಗ್ರಾಹಕದ ಜೀನು ಹಲವು ಪ್ರತಿಗಳಾಗಿ ಹೆಚ್ಚುತ್ತದೆ. ಗ್ರಾಹಕಗಳ ಸಂಖ್ಯೆ ಏರಿದಾಗ ಅಳಿದುಳಿದ ಚೂರು ಹಾರ್ಮೋನೇ ಸಾಕಾಗುತ್ತದೆ. ಕೆಲವು ಗೆಡ್ಡೆಗಳು ಅಡ್ರಿನಲ್ ಗ್ರಂಥಿಯಿಂದ ಬರುವ ಕಚ್ಚಾ ವಸ್ತುವಿನಿಂದ ಒಳಗೇ ಹಾರ್ಮೋನು ತಯಾರಿಸಿಕೊಳ್ಳುತ್ತವೆ. ಕೆಲವದರಲ್ಲಿ ಗ್ರಾಹಕದ ಒಂದೇ ಒಂದು ಅಮೈನೋ ಆಮ್ಲ ಬದಲಾಗಿರುತ್ತದೆ, 877ನೆಯ ಜಾಗದಲ್ಲಿ ಥ್ರಿಯೋನಿನ್ ಇರಬೇಕಾದಲ್ಲಿ ಅಲನಿನ್. ಇಷ್ಟು ಸಣ್ಣ ಬದಲಾವಣೆಯಿಂದ ಆ ಗ್ರಾಹಕ ಬೇರೆ ಹಾರ್ಮೋನುಗಳಿಗೂ ಸ್ಪಂದಿಸುತ್ತದೆ. ಅದನ್ನು ತಡೆಯಲೆಂದು ಕೊಟ್ಟ ಫ್ಲುಟಮೈಡ್ ಔಷಧಿಯೇ ಅದನ್ನು ಕೆರಳಿಸುತ್ತದೆ. ಆ ಔಷಧಿಯನ್ನು ನಿಲ್ಲಿಸಿದಾಗ ಕೆಲವರ ಪಿಎಸ್‌ಎ ಇಳಿಯಿತು ಎಂಬ ವಿಚಿತ್ರ 1993ರಲ್ಲಿ ವರದಿಯಾಯಿತು. ಇನ್ನು ಕೆಲವು ಗೆಡ್ಡೆಗಳಲ್ಲಿ ಗ್ರಾಹಕ ಮೊಟಕಾಗಿ ತಯಾರಾಗುತ್ತದೆ. ಎಆರ್-ವಿ7 ಎಂಬ ಈ ರೂಪದಲ್ಲಿ ಹಾರ್ಮೋನು ಅಂಟಿಕೊಳ್ಳುವ ಭಾಗವೇ ಇಲ್ಲ; ಯಾವ ಸಂಕೇತಕ್ಕೂ ಕಾಯದೆ ಅದು ಸದಾ ಚಾಲೂ ಇರುತ್ತದೆ. ರೋಗಿಯ ರಕ್ತದಲ್ಲಿ ತಿರುಗುವ ಗೆಡ್ಡೆಕೋಶಗಳಲ್ಲಿ ಈ ರೂಪ ಕಂಡುಬಂದರೆ ಅಬಿರಾಟೆರೋನ್, ಎಂಜಲುಟಮೈಡ್ ಎಂಬ ಹೊಸ ಔಷಧಿಗಳೂ ಸಾಮಾನ್ಯವಾಗಿ ನಾಟುವುದಿಲ್ಲ ಎಂದು 2014ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಇದಲ್ಲದೆ ಪಿಟೆನ್ ಎಂಬ ತಡೆಯ ಜೀನು ಕಳೆದುಹೋದ ಗೆಡ್ಡೆಗಳಲ್ಲಿ ಪಿಐ3ಕೆ-ಎಕೆಟಿ ಎಂಬ ಬೇರೆಯದೇ ಸಂಕೇತ ಸರಣಿ ಬಲಗೊಳ್ಳುತ್ತದೆ. ಆಂಡ್ರೊಜೆನ್ ಗ್ರಾಹಕದ ಸರಣಿಯೂ ಈ ಸರಣಿಯೂ ಒಂದನ್ನೊಂದು ಹದ್ದುಬಸ್ತಿನಲ್ಲಿಟ್ಟಿರುತ್ತವೆ. ಒಂದನ್ನು ಒತ್ತಿದರೆ ಇನ್ನೊಂದು ಏಳುತ್ತದೆ. ಕೊನೆಗೆ ಕೆಲವು ಕೋಶಗಳು ಪ್ರಾಸ್ಟೇಟಿನ ಗುಣವನ್ನೇ ಬಿಟ್ಟು ನರಕೋಶದ ಲಕ್ಷಣ ತಳೆಯುತ್ತವೆ. ಅಂಥ ಗೆಡ್ಡೆ ಪಿಎಸ್‌ಎ ಏರದೆಯೂ ಬೆಳೆಯಬಲ್ಲದು.

ಈ ವಿವರಗಳಿಂದ ಮೂರು ಸಂಗತಿ ಹೊರಡುತ್ತವೆ. ಮೊದಲನೆಯದು: ಇಲ್ಲಿ ಹೊರಗಿನಿಂದ ಬಂದ ದುಷ್ಟ ವಸ್ತು ಯಾವುದೂ ಇಲ್ಲ. ಗೆಡ್ಡೆಯನ್ನು ಸಾಕುವ ಹಾರ್ಮೋನೇ ತಾಯಿಯ ಗರ್ಭದಲ್ಲಿ ಗಂಡುಮಗುವಿನ ಪ್ರಾಸ್ಟೇಟನ್ನು ರೂಪಿಸಿದ್ದು. ಬಲಗೊಂಡ ಎಕೆಟಿ ಸರಣಿ ಆರೋಗ್ಯವಂತ ಕೋಶದಲ್ಲಿ ಇನ್ಸುಲಿನ್ನಿನ ಮಾತು ಕೇಳುವ ಸರಣಿಯೇ. ಬದುಕಿಸುವ ವ್ಯವಸ್ಥೆಯೂ ಕೊಲ್ಲುವ ವ್ಯವಸ್ಥೆಯೂ ಬೇರೆ ಬೇರೆಯಲ್ಲ. ಎರಡನೆಯದು: ಪ್ರತಿರೋಧ ಎಂದು ನಾವು ಕರೆಯುವುದರಲ್ಲಿ ಹಟವಾಗಲಿ ದ್ವೇಷವಾಗಲಿ ಇಲ್ಲ. 1943ರಲ್ಲಿ ಲೂರಿಯಾ ಮತ್ತು ಡೆಲ್ಬ್ರೂಕ್ ಬ್ಯಾಕ್ಟೀರಿಯಾಗಳ ಮೇಲೆ ನಡೆಸಿದ ಪ್ರಯೋಗ ಒಂದು ಮೂಲಭೂತ ಸತ್ಯವನ್ನು ಸ್ಥಾಪಿಸಿತು: ವೈರಾಣುವಿಗೆ ಬಗ್ಗದ ರೂಪಾಂತರಗಳು ವೈರಾಣು ಬರುವ ಮೊದಲೇ, ಅದಕ್ಕೆ ಸಂಬಂಧವಿಲ್ಲದೆ, ಯಾದೃಚ್ಛಿಕವಾಗಿ ಹುಟ್ಟಿರುತ್ತವೆ. ಗೆಡ್ಡೆಯಲ್ಲೂ ಬಹುಮಟ್ಟಿಗೆ ಹಾಗೆಯೇ. ಕೋಟ್ಯಂತರ ಕೋಶಗಳಲ್ಲಿ ಕೆಲವದರ ಗ್ರಾಹಕ ಆಗಲೇ ಬದಲಾಗಿರುತ್ತದೆ. ಔಷಧಿ ಉಳಿದವನ್ನು ಕೊಂದಾಗ ಇವಕ್ಕೆ ಜಾಗ ಸಿಗುತ್ತದೆ. ಕೋಶಗಳು ಚಿಕಿತ್ಸೆಯ ನಂತರ ಹೊಂದಿಕೊಳ್ಳುವುದೂ ಉಂಟು, ಪಿಐ3ಕೆ ಸರಣಿ ಏಳುವುದು ಅಂಥದ್ದೇ. ಆದರೆ ಆ ಹೊಂದಾಣಿಕೆಯ ದಾರಿ ಆರೋಗ್ಯವಂತ ಕೋಶದಲ್ಲಿ ಮೊದಲೇ ಇದ್ದದ್ದು. ಅದರ ಹಿಂದೆ ಯೋಜನೆ ಹೂಡಿದ ಬುದ್ಧಿ ಇಲ್ಲ. ಮೂರನೆಯದು, ನಮ್ಮ ಪ್ರಶ್ನೆಗೆ ಎಲ್ಲಕ್ಕಿಂತ ಮುಖ್ಯವಾದದ್ದು: ಈ ಸರಪಳಿಯ ಯಾವ ಕೊಂಡಿಯಲ್ಲೂ ರೋಗಿಯ ನಡತೆಯನ್ನು ಓದುವ ಭಾಗ ಇಲ್ಲ. ಥ್ರಿಯೋನಿನ್ ಅಲನಿನ್ ಆಗುವಾಗ ಆ ಮನುಷ್ಯ ಸಾಲ ತೀರಿಸಿದ್ದನೋ ಇಲ್ಲವೋ, ಹೆಂಡತಿಯನ್ನು ಚೆನ್ನಾಗಿ ನೋಡಿಕೊಂಡಿದ್ದನೋ ಇಲ್ಲವೋ, ಅದಕ್ಕೆ ಗೊತ್ತಾಗುವ ದಾರಿಯೇ ಇಲ್ಲ.

ಇಲ್ಲಿ ಆಸ್ತಿಕರು ಕೇಳುವ ಮಾತು ನ್ಯಾಯವಾದದ್ದು. ಕೋಶಕ್ಕೆ ಗೊತ್ತಾಗಬೇಕಿಲ್ಲ, ಕರ್ಮಫಲ ಕೊಡುವವನು ಅದೇ ಕೋಶವನ್ನು ಉಪಕರಣ ಮಾಡಿಕೊಂಡಿರಬಹುದಲ್ಲ? ಅಂಥ ಸಾಧ್ಯತೆಯನ್ನು ಯಾವ ಸೂಕ್ಷ್ಮದರ್ಶಕವೂ ಅಲ್ಲಗಳೆಯಲಾರದು. ಅಲ್ಲಗಳೆಯುತ್ತೇನೆಂದು ನಾನೂ ಹೇಳುವುದಿಲ್ಲ. ಹಾಗಾಗಿ ವಾದವನ್ನು ಧರ್ಮದ ನೆಲದಲ್ಲೇ ಮುಂದುವರಿಸಬೇಕು. ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಮೊದಲ ಪಾದದಲ್ಲಿ ಕರ್ಮದ ಮಾತು ಬರುವುದು ಒಂದು ಆಕ್ಷೇಪಕ್ಕೆ ಉತ್ತರವಾಗಿ: ಲೋಕದಲ್ಲಿ ಕೆಲವರಿಗೆ ಸುಖ, ಕೆಲವರಿಗೆ ದುಃಖ ಇರುವುದರಿಂದ ಈಶ್ವರ ಪಕ್ಷಪಾತಿಯೂ ನಿರ್ದಯನೂ ಆಗುವುದಿಲ್ಲವೇ ಎಂದು. ಜೀವಿಗಳ ಕರ್ಮವನ್ನು ಅನುಸರಿಸಿಯೇ ಸೃಷ್ಟಿ ನಡೆಯುವುದರಿಂದ ಆ ದೋಷವಿಲ್ಲ ಎಂಬುದು ಶಂಕರರ ಭಾಷ್ಯದ ಸಮಾಧಾನ, ಮತ್ತು ಆ ಕರ್ಮ ಅನಾದಿ. ಅಂದರೆ ಇಡೀ ಲೋಕದ ವೈಷಮ್ಯವನ್ನು ಕುರಿತ ತಾತ್ವಿಕ ಉತ್ತರ ಅದು. ವಾರ್ಡಿನಲ್ಲಿ ಮಲಗಿರುವ ಇಂಥವನು ಇಂಥ ಪಾಪ ಮಾಡಿದ್ದಾನೆ ಎಂದು ಬೆರಳು ತೋರಿಸುವ ಅಧಿಕಾರವನ್ನು ಅದು ಯಾರಿಗೂ ಕೊಡುವುದಿಲ್ಲ. ಕರ್ಮದ ಗತಿ ಗಹನವಾದದ್ದು, ತಿಳಿಯಲು ಕಷ್ಟವಾದದ್ದು ಎಂಬ ಅಭಿಪ್ರಾಯ ಗೀತೆಯ ನಾಲ್ಕನೆಯ ಅಧ್ಯಾಯದಲ್ಲಿದೆ; ಅದನ್ನು ನಂಬುವವರು ನೆಂಟನ ಪಿಎಸ್‌ಎ ಅಂಕಿಯಿಂದ ಅವನ ಪೂರ್ವಜನ್ಮವನ್ನು ಓದಲು ಹೊರಡಬಾರದು. ಸಂಯುತ್ತ ನಿಕಾಯದಲ್ಲಿ ಸೀವಕ ಎಂಬ ಪರಿವ್ರಾಜಕ ಬುದ್ಧನನ್ನು ನೇರವಾಗಿಯೇ ಕೇಳುತ್ತಾನೆ: ಅನುಭವಿಸುವ ಸುಖದುಃಖವೆಲ್ಲ ಹಿಂದೆ ಮಾಡಿದ್ದರ ಫಲವೇ ಎಂದು. ಬುದ್ಧ ಅದನ್ನು ಒಪ್ಪುವುದಿಲ್ಲ. ಪಿತ್ತ, ಕಫ, ವಾತ, ಅವು ಮೂರೂ ಸೇರುವುದು, ಋತುಗಳ ಬದಲಾವಣೆ, ಅಜಾಗರೂಕತೆ, ಪೆಟ್ಟು, ಕರ್ಮಫಲ ಎಂದು ಎಂಟು ಕಾರಣ ಹೇಳಿ, ಎಲ್ಲವೂ ಕರ್ಮವೇ ಎನ್ನುವವರು ಅನುಭವವನ್ನೂ ಲೋಕದ ತಿಳಿವಳಿಕೆಯನ್ನೂ ಮೀರಿ ಮಾತಾಡುತ್ತಾರೆ ಎನ್ನುತ್ತಾನೆ. ಚರಕಸಂಹಿತೆಯ ವಿಮಾನಸ್ಥಾನವೂ ಆಯುಸ್ಸು ದೈವವೊಂದರಿಂದಲೇ ನಿರ್ಧಾರವಾಗುತ್ತದೆಂದು ಒಪ್ಪುವುದಿಲ್ಲ. ಪುರುಷಪ್ರಯತ್ನಕ್ಕೂ ಪಾಲು ಕೊಡುತ್ತದೆ, ಇಲ್ಲದಿದ್ದರೆ ವೈದ್ಯಕ್ಕೇ ಅರ್ಥವಿರುವುದಿಲ್ಲ.

ಶಿವಾಜಿನಗರದಲ್ಲಿ ಮೊಂಬತ್ತಿ ಹಚ್ಚುವವರ ಮತ್ತು ದುವಾ ಬೇಡುವವರ ಗ್ರಂಥಗಳೂ ಇದೇ ಕಡೆ ವಾಲುತ್ತವೆ. ಯೋಹಾನನ ಸುವಾರ್ತೆಯ ಒಂಬತ್ತನೆಯ ಅಧ್ಯಾಯದಲ್ಲಿ ಹುಟ್ಟುಕುರುಡನನ್ನು ಕಂಡ ಶಿಷ್ಯರು, ಪಾಪ ಮಾಡಿದವನು ಇವನೋ ಇವನ ತಂದೆತಾಯಿಯೋ ಎಂದು ಕೇಳಿದಾಗ ಯೇಸು ಎರಡನ್ನೂ ನಿರಾಕರಿಸುತ್ತಾನೆ. ಯೋಬನ ಗ್ರಂಥದಲ್ಲಿ ನೋವಿನಿಂದ ನರಳುವ ನೀತಿವಂತನ ಸುತ್ತ ಕೂತ ಗೆಳೆಯರು, ನೀನು ಏನೋ ತಪ್ಪು ಮಾಡಿರಲೇಬೇಕು ಎಂದು ಅಧ್ಯಾಯಗಟ್ಟಲೆ ವಾದಿಸುತ್ತಾರೆ. ಕೊನೆಯಲ್ಲಿ ದೇವರ ಕೋಪ ತಿರುಗುವುದು ಆ ಗೆಳೆಯರ ಮೇಲೆ. ಇಸ್ಲಾಮಿನಲ್ಲಿ ಅಯ್ಯೂಬ್ ಪೈಗಂಬರರ ಕಾಯಿಲೆ ಶಿಕ್ಷೆ ಎನಿಸಿಕೊಂಡಿಲ್ಲ. ಅವರು ಸಹನೆಯ ಮಾದರಿ. ಈ ಎಲ್ಲ ಧರ್ಮಗಳಲ್ಲೂ ಪಾಪಕ್ಕೆ ಫಲವಿದೆ ಎಂಬ ನಂಬಿಕೆ ಗಟ್ಟಿಯಾಗಿಯೇ ಇದೆ. ಆದರೂ ನರಳುವ ವ್ಯಕ್ತಿಯ ಮೈಯಿಂದ ಅವನ ಪಾಪವನ್ನು ಅಳೆಯುವುದನ್ನು ಅವುಗಳೊಳಗಿನ ಶ್ರೇಷ್ಠ ಧ್ವನಿಗಳು ಮತ್ತೆ ಮತ್ತೆ ತಡೆದಿವೆ. ಬೇರೆ ಬೇರೆ ನೆಲದಲ್ಲಿ, ಬೇರೆ ಬೇರೆ ಕಾಲದಲ್ಲಿ ಯೋಚಿಸಿದವರು ಒಂದೇ ಎಚ್ಚರಿಕೆಗೆ ಬಂದು ನಿಂತಿದ್ದಾರೆಂದರೆ, ಆ ಅಳತೆಯ ಚಟ ಎಲ್ಲ ಕಡೆಯೂ ಇತ್ತು ಎಂದೂ ಅದರಿಂದಾಗುವ ಹಾನಿಯನ್ನು ಅವರೆಲ್ಲ ಕಂಡಿದ್ದರು ಎಂದೂ ಅರ್ಥ.

ಇನ್ನೊಂದು ಆಕ್ಷೇಪ ಲೌಕಿಕವಾದದ್ದು. ಕಾಯಿಲೆಗೆ ನಡತೆಯೂ ಕಾರಣವಲ್ಲವೇ? ತಂಬಾಕು ಬಾಯಿ ಮತ್ತು ಶ್ವಾಸಕೋಶದ ಕ್ಯಾನ್ಸರಿಗೆ ಕಾರಣ ಎಂದು ವೈದ್ಯರೇ ಹೇಳುತ್ತಾರೆ. ಹಾಗಿದ್ದ ಮೇಲೆ ಅಪರಾಧಿ ಇಲ್ಲ ಎನ್ನುವುದು ಜವಾಬ್ದಾರಿಯಿಂದ ತಪ್ಪಿಸಿಕೊಳ್ಳುವ ಮಾತಾಗದೇ? ಪ್ರಾಸ್ಟೇಟಿನ ಮಟ್ಟಿಗೆ ಉತ್ತರ ನೇರವಾಗಿದೆ. ಖಚಿತವಾಗಿ ಗೊತ್ತಿರುವ ದೊಡ್ಡ ಕಾರಣಗಳು ವಯಸ್ಸು, ಮನೆತನದಲ್ಲಿ ಈ ಕಾಯಿಲೆ ಇರುವುದು, ಬಿಆರ್‌ಸಿಎ2ನಂಥ ಜೀನುಗಳ ದೋಷ, ಜನಾಂಗದ ಮೂಲ. ಇವುಗಳಲ್ಲಿ ಒಂದನ್ನೂ ಯಾರೂ ಆರಿಸಿಕೊಳ್ಳುವುದಿಲ್ಲ. ಬೇರೆ ಕಾರಣದಿಂದ ತೀರಿಕೊಂಡ ಮುದುಕರ ಶವಪರೀಕ್ಷೆಯಲ್ಲಿ, ಬದುಕಿದ್ದಾಗ ಗೊತ್ತೇ ಆಗದಿದ್ದ ಪ್ರಾಸ್ಟೇಟ್ ಕ್ಯಾನ್ಸರ್ ಎಷ್ಟೋ ಸಲ ಸಿಗುತ್ತದೆ. ಆದರೂ ಈ ಅಂಗದ ಕಾಯಿಲೆಗೆ ಬೇರೆ ಕ್ಯಾನ್ಸರಿಗಿಲ್ಲದ ಒಂದು ಕಳಂಕ ಅಂಟಿಕೊಂಡಿದೆ. ಕಾಮಕ್ಕೆ ಸಂಬಂಧಪಟ್ಟ ಅಂಗವಾದ್ದರಿಂದ ಯೌವನದ ನಡತೆಯ ಬಗ್ಗೆ ಗುಸುಗುಸು ಏಳುತ್ತದೆ. ಚಿಕಿತ್ಸೆಯಿಂದ ಮೈ ಬಿಸಿಯೇರಿ ಬೆವರುವುದು, ಎದೆ ಊದುವುದು, ಆಸೆ ಉಡುಗುವುದು, ಇವೆಲ್ಲ ಗಂಡಸು ಯಾರ ಹತ್ತಿರವೂ ಹೇಳಿಕೊಳ್ಳದ ನಾಚಿಕೆಗಳಾಗುತ್ತವೆ. ಮೂತ್ರಕ್ಕೆ ತೊಂದರೆಯಾಗಿ ವರ್ಷವಾದರೂ ಡಾಕ್ಟರ ಹತ್ತಿರ ಹೋಗದೆ, ಬೆನ್ನುಮೂಳೆಗೆ ಹರಡಿದ ಮೇಲೆ ಬರುವವರನ್ನು ಹಿಂದೆ ಹಿಡಿದು ನಿಲ್ಲಿಸುವ ಶಕ್ತಿಗಳಲ್ಲಿ ಈ ನಾಚಿಕೆ ದೊಡ್ಡದು. ಇನ್ನು ತಂಬಾಕಿನ ವಿಷಯ. ಬೀಡಿ ಸೇದಿದವನ ಶ್ವಾಸಕೋಶಕ್ಕೂ ಹೊಗೆಗೂ ಕಾರಣ-ಕಾರ್ಯ ಸಂಬಂಧ ಇದ್ದೇ ಇದೆ. ಬಿಡಿ ಎಂದು ಹೇಳುವುದು, ಮಾರಾಟಕ್ಕೆ ಕಡಿವಾಣ ಹಾಕುವುದು ನಮ್ಮ ಹೊಣೆ. ಆದರೆ ಆ ಹೊಣೆ ಮುಂದಕ್ಕೆ ನೋಡುತ್ತದೆ. ಕಾಯಿಲೆ ಬಂದ ಮೇಲೆ, ಇದು ನಿನಗೆ ತಕ್ಕದ್ದೇ ಎನ್ನುವ ಮಾತು ಹಿಂದಕ್ಕೆ ನೋಡುತ್ತದೆ. ಅಷ್ಟೇ ಸೇದಿದ ಎಷ್ಟೋ ಜನ ಆರೋಗ್ಯವಾಗಿಯೇ ಮುದುಕರಾಗುವಾಗ, ಒಬ್ಬನ ಮೈಯಲ್ಲಾದ ಯಾದೃಚ್ಛಿಕ ರೂಪಾಂತರವನ್ನು ನ್ಯಾಯವೆಂದು ಕರೆದರೆ ನ್ಯಾಯಕ್ಕೇ ಅವಮಾನ.

ಕರ್ಮವನ್ನು ನಂಬಿದವರಿಗೆ ಸಿಗುವ ಸಮಾಧಾನವನ್ನೂ ಕಿತ್ತುಕೊಳ್ಳಬೇಕೇ ಎಂದು ಕೇಳಬಹುದು. ಕಾಯಿಲೆ ಬಂದವರು ತಾವಾಗಿಯೇ, ಎಲ್ಲ ನನ್ನ ಹಣೆಬರಹ, ಅನುಭವಿಸಿ ತೀರಿಸುತ್ತೇನೆ ಎನ್ನುತ್ತಾರೆ. ಆ ಮಾತಿನಲ್ಲಿ ಒಂದು ಘನತೆ ಇದೆ, ಅರ್ಥವಿಲ್ಲದ ನೋವಿಗಿಂತ ಅರ್ಥವಿರುವ ನೋವು ಸಹಿಸಲು ಸುಲಭ. ಇದನ್ನು ನಾನು ಒಪ್ಪುತ್ತೇನೆ. ನನ್ನ ವಿರೋಧ ಆ ಮಾತು ಬಾಯಿಂದ ಬಾಯಿಗೆ ಬದಲಾಗುವಾಗ ಆಗುವ ಅನಾಹುತಕ್ಕೆ. ತನ್ನ ನೋವಿನ ಬಗ್ಗೆ ತಾನೇ ಹೇಳಿಕೊಂಡಾಗ ಕರ್ಮ ಎಂಬುದು ಸಹಿಸುವ ಶಕ್ತಿ ಕೊಡುತ್ತದೆ. ಇನ್ನೊಬ್ಬರ ನೋವಿನ ಬಗ್ಗೆ ಹೇಳಿದಾಗ ಕೈಕಟ್ಟಿ ಕೂರಲು ನೆಪ ಕೊಡುತ್ತದೆ. ತೀರಿಸಲೇಬೇಕಾದ ಲೆಕ್ಕವಾದರೆ ನೋವು ಕಡಿಮೆ ಮಾಡುವುದೇಕೆ ಎಂಬ ತೀರ್ಮಾನ ಅಲ್ಲಿಂದ ಒಂದೇ ಹೆಜ್ಜೆ. ಅದೂ ಅಲ್ಲದೆ, ಕಾಯಿಲೆ ಚಿಕಿತ್ಸೆಗೆ ಬಗ್ಗದ ಹಂತಕ್ಕೆ ಬಂದಾಗ ರೋಗಿಯ ಸ್ವಂತ ಸಮಾಧಾನವೂ ಮುರಿದುಬೀಳುತ್ತದೆ. ಇಷ್ಟು ತೀರಿಸಿಯೂ ಬಾಕಿ ಇದೆಯೇ ಎಂದು ಅವರು ತಮ್ಮನ್ನೇ ತಾವು ಮತ್ತೆ ವಿಚಾರಣೆಗೆ ನಿಲ್ಲಿಸಿಕೊಳ್ಳುತ್ತಾರೆ. ಎಆರ್-ವಿ7 ಏನೆಂದು ಅವರಿಗೆ ತಿಳಿಯುವ ಭಾಷೆಯಲ್ಲಿ ಹೇಳಿ, ನೀವು ತಪ್ಪಿದ್ದೇನೂ ಇಲ್ಲ, ಔಷಧಿ ಹಿಡಿಯಬೇಕಾದ ಭಾಗವೇ ಆ ಕೋಶದಲ್ಲಿ ಇಲ್ಲವಾಗಿದೆ ಎಂದು ಬಿಡಿಸಿ ಹೇಳುವುದು ಆ ಗಳಿಗೆಯಲ್ಲಿ ವಿಜ್ಞಾನಪಾಠ ಮಾತ್ರವಲ್ಲ, ಬಿಡುಗಡೆಯೂ ಹೌದು.

ಯಾರ ಪಾಪ ಎಂಬ ಪ್ರಶ್ನೆಗೂ ಯಾವ ದಾರಿ ಎಂಬ ಪ್ರಶ್ನೆಗೂ ಇರುವ ವ್ಯತ್ಯಾಸವನ್ನು ದಂಡಿನ ನೆಲವೇ ಒಮ್ಮೆ ಕಂಡಿದೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಪೇಟೆಯೂ ದಂಡೂ ತತ್ತರಿಸಿದವು. ಜನ ಅದನ್ನು ಅಮ್ಮನ ಮುನಿಸೆಂದು ತಿಳಿದು ಮೊರೆಯಿಟ್ಟರು. ಪ್ಲೇಗಮ್ಮನ ಗುಡಿಗಳು ನಗರದಲ್ಲಿ ಇನ್ನೂ ಇವೆ. ಆ ಮೊರೆಯನ್ನು ಹಗುರವಾಗಿ ಕಾಣಬೇಕಿಲ್ಲ, ಭಯದಲ್ಲಿ ಒಂದು ಊರು ಒಟ್ಟಿಗೆ ಕೂತು ಅತ್ತ ಬಗೆ ಅದು. ಆದರೆ ಪ್ಲೇಗನ್ನು ತಡೆದ ತಿಳಿವಳಿಕೆ ಬೇರೆ ಕಡೆಯಿಂದ ಬಂತು. 1894ರಲ್ಲಿ ಹಾಂಗ್‌ಕಾಂಗಿನಲ್ಲಿ ಯೆರ್ಸಿನ್ ಅದರ ಬ್ಯಾಕ್ಟೀರಿಯಾವನ್ನು ಗುರುತಿಸಿದ್ದರು. 1898ರಲ್ಲೇ ಕರಾಚಿಯಲ್ಲಿ ಸಿಮೊಂಡ್ ಇಲಿಯ ಮೈಮೇಲಿನ ಚಿಗಟ ಅದನ್ನು ಹೊತ್ತು ತರುತ್ತದೆಂದು ತೋರಿಸಿದರು. ಆಮೇಲೆ ದಂಡಿನ ಕಿಕ್ಕಿರಿದ ಕೇರಿಗಳ ಒತ್ತಡ ಇಳಿಸಲು ಫ್ರೇಜರ್ ಟೌನ್, ಈಗಿನ ಪುಲಿಕೇಶಿನಗರ, ಎದ್ದಿತು. ಅಗಲ ರಸ್ತೆ, ಗಾಳಿ ಬೆಳಕು, ಇಲಿಗೆ ಬಿಲ ಸಿಗದಂಥ ಕಟ್ಟಡ: 1914ರಲ್ಲಿ ಜೆ.ಎಚ್. ಸ್ಟೀಫನ್ಸ್ ಎಂಬವರು ಇದನ್ನು ಪ್ಲೇಗು ನುಗ್ಗದ ಊರಿನ ಮಾದರಿಯಾಗಿ ತೋರಿಸಿ ಪುಸ್ತಕವನ್ನೇ ಬರೆದರು. ಸತ್ತವರಲ್ಲಿ ಪಾಪಿಗಳೆಷ್ಟು ಎಂಬ ಲೆಕ್ಕದಿಂದ ಇದರಲ್ಲಿ ಒಂದು ಗೋಡೆಯೂ ಏಳುತ್ತಿರಲಿಲ್ಲ. ಪ್ರಾಸ್ಟೇಟ್ ಕ್ಯಾನ್ಸರಿನಲ್ಲೂ ದಾರಿ ಹುಡುಕಿದ್ದರ ಫಲ ಕಣ್ಣೆದುರಿಗಿದೆ. ಗೆಡ್ಡೆ ತಾನೇ ಹಾರ್ಮೋನು ತಯಾರಿಸಿಕೊಳ್ಳುತ್ತದೆಂದು ತಿಳಿದದ್ದರಿಂದ ಅಬಿರಾಟೆರೋನ್ ಬಂತು, 2011ರಲ್ಲಿ ಅಮೆರಿಕದಲ್ಲಿ ಅದಕ್ಕೆ ಅನುಮತಿ ಸಿಕ್ಕಿತು. ಗ್ರಾಹಕವನ್ನು ಇನ್ನೂ ಬಿಗಿಯಾಗಿ ತಡೆಯುವ ಎಂಜಲುಟಮೈಡ್ 2012ರಲ್ಲಿ ಬಂತು. ಬಿಆರ್‌ಸಿಎ ದೋಷವಿರುವವರಿಗೆ ಓಲಾಪರಿಬ್ 2020ರಲ್ಲಿ. ಬಗ್ಗದ ಕಾಯಿಲೆ ಎಂದು ಕೈಚೆಲ್ಲಿದ್ದ ಹಂತದಲ್ಲೂ ಎಷ್ಟೋ ಜನರಿಗೆ ತಿಂಗಳುಗಳು, ಕೆಲವರಿಗೆ ವರ್ಷಗಳು ಹೆಚ್ಚಿಗೆ ಸಿಕ್ಕಿವೆ.

ಅಪರಾಧಿ ಇಲ್ಲ ಎಂದ ಮೇಲೆ ಶತ್ರುವೂ ಇಲ್ಲ. ಹಾಗಾದರೆ ಹೋರಾಡುವುದೇಕೆ, ಸೋತೆನೆಂದು ಮಲಗಬಹುದಲ್ಲ ಎಂದು ಯಾರಾದರೂ ಹೇಳಿಯಾರು. ಯುದ್ಧದ ಮಾತು ಬಿಟ್ಟರೆ ಚಿಕಿತ್ಸೆಯನ್ನೇ ಬಿಟ್ಟಂತಲ್ಲ. ಅದನ್ನು ಬಿಟ್ಟಾಗ ಯೋಚನೆ ಇನ್ನಷ್ಟು ಸ್ವಚ್ಛವಾದ ಉದಾಹರಣೆಯೂ ಇದೆ. ಫ್ಲಾರಿಡಾದ ಮೋಫಿಟ್ ಕ್ಯಾನ್ಸರ್ ಕೇಂದ್ರದವರು 2017ರಲ್ಲಿ ಪ್ರಕಟಿಸಿದ ಒಂದು ಸಣ್ಣ ಪ್ರಯೋಗದಲ್ಲಿ ಅಬಿರಾಟೆರೋನನ್ನು ಎಡೆಬಿಡದೆ ಕೊಡಲಿಲ್ಲ. ಪಿಎಸ್‌ಎ ಅರ್ಧಕ್ಕಿಳಿದಾಗ ಔಷಧಿ ನಿಲ್ಲಿಸಿ, ಮೊದಲಿನ ಮಟ್ಟಕ್ಕೆ ಏರಿದಾಗ ಮತ್ತೆ ಕೊಟ್ಟರು. ಎಲ್ಲ ಕೋಶಗಳನ್ನೂ ನಿರ್ನಾಮ ಮಾಡಹೊರಟರೆ ಬಗ್ಗದ ಕೋಶಗಳಿಗೆ ಮಾತ್ರ ಜಾಗ ಉಳಿಯುತ್ತದೆ. ಔಷಧಿಗೆ ಬಗ್ಗುವ ಕೆಲವನ್ನು ಉಳಿಸಿದರೆ ಅವು ಬಗ್ಗದವನ್ನು ಒತ್ತಿಹಿಡಿಯುತ್ತವೆ ಎಂಬುದು ಅದರ ಹಿಂದಿನ ತರ್ಕ. ಕಾಯಿಲೆ ತಡವಾಗಿ ಮುಂದುವರಿಯಿತು, ಔಷಧಿಯೂ ಕಡಿಮೆ ಬೇಕಾಯಿತು ಎಂದು ಅವರು ವರದಿ ಮಾಡಿದರು. ದೊಡ್ಡ ಪ್ರಯೋಗಗಳು ಇದನ್ನು ಒರೆಗೆ ಹಚ್ಚಬೇಕು, ಆದರೆ ಗೆಡ್ಡೆಯನ್ನು ದುಷ್ಟನೆಂದು ನೋಡುವ ಕಣ್ಣಿಗೆ ಈ ಯೋಚನೆ ಹೊಳೆಯುವುದೇ ಕಷ್ಟ. ಹೋರಾಟದ ಮಾತಿನ ಇನ್ನೊಂದು ಕೇಡು ಕೊನೆಯ ಹಂತದಲ್ಲಿ ಕಾಣುತ್ತದೆ. ಅಲ್ಲಿ ಸಾಯುವವರೆಲ್ಲ ಸೋತವರಾಗುತ್ತಾರೆ, ಧೈರ್ಯ ಸಾಲದವರಾಗುತ್ತಾರೆ. ಹಳೆಯ ಪಾಪದ ಜಾಗಕ್ಕೆ ಹೊಸ ಪಾಪವೊಂದು ಬರುತ್ತದೆ. ಘನತೆಯಿಂದ ಸಾಯುವುದು ಹಕ್ಕೆಂದು ಸುಪ್ರೀಂ ಕೋರ್ಟು 2018ರ ಮಾರ್ಚ್ 9ರಂದು ಹೇಳಿತು. ಅದನ್ನು ಜಾರಿಗೆ ತರಲು ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಆದೇಶ ಹೊರಡಿಸಿತು. ಫಲ ಕೊಡದ ಯಂತ್ರಗಳನ್ನು ಬೇಡವೆನ್ನುವುದು ದೇವರಿಗೂ ಮನೆಯವರಿಗೂ ಬಗೆದ ದ್ರೋಹವಲ್ಲ ಎಂದು ಕಾನೂನು ಒಪ್ಪಿರುವಾಗ, ಧರ್ಮ ಅದನ್ನು ಒಪ್ಪಲು ಹಿಂಜರಿಯಬಾರದು.

ಕೊನೆಯ ಆಕ್ಷೇಪ ಎದುರು ದಿಕ್ಕಿನಿಂದ, ಕಟ್ಟಾ ಭೌತವಾದಿಗಳಿಂದ ಬರುವಂಥದ್ದು. ಎಲ್ಲವೂ ಗ್ರಾಹಕ ಮತ್ತು ಸಂಕೇತವೇ ಆದರೆ ನೋವೂ ಒಂದು ಸಂಕೇತ, ಕರುಣೆಯೂ ಒಂದು ಸಂಕೇತ; ಧರ್ಮಕ್ಕೆ ಇಲ್ಲಿ ಕೆಲಸವೇನು? ಗೆಡ್ಡೆ ಹೇಗೆ ಬೆಳೆಯಿತು ಎಂಬುದಕ್ಕೆ ಸಂಕೇತಗಳ ನಕ್ಷೆ ಪೂರ್ಣ ಉತ್ತರವಾಗಬಹುದು. ಆದರೆ ಬೆನ್ನುಮೂಳೆಯ ನೋವಿನಿಂದ ರಾತ್ರಿ ಮಲಗಲಾಗದವನ ಪಕ್ಕ ಯಾರಾದರೂ ಕೂರಬೇಕೇ ಎಂಬ ಪ್ರಶ್ನೆಗೆ ಆ ನಕ್ಷೆಯಲ್ಲಿ ಉತ್ತರವಿಲ್ಲ. ನೋವನ್ನು ಕಡಿಮೆ ಮಾಡಲು ಸಾಧ್ಯವಿದೆ ಎಂದು ವಿಜ್ಞಾನ ಹೇಳುತ್ತದೆ. ಮಾರ್ಫಿನ್ ಇದೆ, ಮೂಳೆಯ ನೋವಿಗೆ ಒಂದೇ ಸಲ ಕೊಡಬಹುದಾದ ವಿಕಿರಣ ಇದೆ. ಮಾಡಲೇಬೇಕು ಎಂಬ ಮಾತು ಬರುವುದು ಬೇರೆ ಕಡೆಯಿಂದ. 1985ರ ಮಾದಕವಸ್ತು ಕಾನೂನಿನ ಬಿಗಿಯಿಂದ ನಮ್ಮ ಆಸ್ಪತ್ರೆಗಳಲ್ಲಿ ಮಾರ್ಫಿನ್ ಸಿಗುವುದೇ ದುರ್ಲಭವಾಯಿತು. 2014ರಲ್ಲಿ ತಿದ್ದುಪಡಿ ಆಗುವವರೆಗೆ ಸುಮಾರು 30 ವರ್ಷ ಜನ ಸುಮ್ಮನೆ ನರಳಿದರು. ಆ ನರಳಾಟಕ್ಕೆ ಪೂರ್ವಜನ್ಮ ಕಾರಣವಲ್ಲ, ನಮ್ಮ ಕಾಗದಪತ್ರ ಕಾರಣ. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ ಹಾಸ್ಪೈಸ್ ಕಟ್ಟಿದ ಸಿಸಿಲಿ ಸಾಂಡರ್ಸ್, ಸಾಯುವವರ ನೋವು ಮೈಯದು ಮಾತ್ರವಲ್ಲ, ಮನಸ್ಸಿನದು, ಸಂಸಾರದ್ದು, ಆತ್ಮದ್ದು ಎಂದು ಗುರುತಿಸಿದರು. ನಾನೇನು ಮಾಡಿದ್ದೆ ಎಂಬ ಪ್ರಶ್ನೆ ಆ ನಾಲ್ಕನೆಯ ನೋವು. ಅದಕ್ಕೆ ಗುಳಿಗೆಯಿಲ್ಲ, ಮನುಷ್ಯರೇ ಬೇಕು.

ಇಲ್ಲಿ ನಮ್ಮ ಪರಂಪರೆಯ ಒಂದು ಕೊರತೆಯನ್ನೂ ಹೇಳಬೇಕು. ಚರಕಸಂಹಿತೆ ಗುಣವಾಗುವ ಕಾಯಿಲೆ, ಚಿಕಿತ್ಸೆಯಿಂದ ಹಿಡಿತದಲ್ಲಿಡಬಹುದಾದ ಕಾಯಿಲೆ, ಅಸಾಧ್ಯ ಕಾಯಿಲೆ ಎಂದು ಚೆನ್ನಾಗಿ ವಿಂಗಡಿಸಿತು. ಆದರೆ ಅಸಾಧ್ಯವನ್ನು ಕೈಗೆತ್ತಿಕೊಂಡ ವೈದ್ಯ ಹಣ, ವಿದ್ಯೆ, ಕೀರ್ತಿಗಳನ್ನು ಕಳೆದುಕೊಳ್ಳುತ್ತಾನೆಂದೂ ಎಚ್ಚರಿಸಿತು. ಗುಣವಾಗದವರನ್ನು ಬಿಟ್ಟುಬಿಡುವುದು ಹೆಚ್ಚುಕಡಿಮೆ ಎಲ್ಲ ಪ್ರಾಚೀನ ವೈದ್ಯಪದ್ಧತಿಗಳ ರೂಢಿಯಾಗಿತ್ತು. ಆ ರೂಢಿಯನ್ನು ಮೀರಿದ ಕೆಲಸ ಬೆಂಗಳೂರಿನ ಪೂರ್ವದಲ್ಲೇ ನಡೆಯುತ್ತಿದೆ. ಇಂಡಿಯನ್ ಕ್ಯಾನ್ಸರ್ ಸೊಸೈಟಿಯ ಕರ್ನಾಟಕ ಶಾಖೆಯೂ ಇಂದಿರಾನಗರದ ರೋಟರಿ ಸಂಸ್ಥೆಯೂ ಸೇರಿ 1994ರಲ್ಲಿ ಬೆಂಗಳೂರು ಹಾಸ್ಪೈಸ್ ಟ್ರಸ್ಟ್ ಸ್ಥಾಪಿಸಿದವು. 1999ರಲ್ಲಿ ಮಾರತ್ತಹಳ್ಳಿಯಾಚೆ, ಕುಂದಲಹಳ್ಳಿಯ ಬಳಿ ಕರುಣಾಶ್ರಯ ತೆರೆಯಿತು. ಗುಣಪಡಿಸುವ ಚಿಕಿತ್ಸೆ ಮುಗಿದ ಕ್ಯಾನ್ಸರ್ ರೋಗಿಗಳನ್ನು ಅಲ್ಲಿ ಹಣ ತೆಗೆದುಕೊಳ್ಳದೆ ನೋಡಿಕೊಳ್ಳುತ್ತಾರೆ. ಹುಣ್ಣು ತೊಳೆಯುವುದು, ಮಾರ್ಫಿನ್ ಹೊತ್ತಿಗೆ ಸರಿಯಾಗಿ ಕೊಡುವುದು, ಮಗ್ಗಲು ತಿರುಗಿಸುವುದು, ಹೇಳಿದ್ದನ್ನೇ ಮತ್ತೆ ಹೇಳಿದರೂ ಕೇಳಿಸಿಕೊಳ್ಳುವುದು, ಅಲ್ಲಿನ ಕೆಲಸ ಇಂಥದ್ದು. ಒಳಗೆ ಸೇರಿಸಿಕೊಳ್ಳಲು ರೋಗಿಯ ಜಾತಿ, ಮತ, ಹಿಂದಿನ ನಡತೆ ಯಾವುದೂ ಅರ್ಹತೆಯಲ್ಲ, ನೋವೇ ಅರ್ಹತೆ. ಕರ್ಮ ಎಂಬ ಪದಕ್ಕೆ ಮಾಡಬೇಕಾದ ಕೆಲಸ ಎಂಬ ಅರ್ಥವೂ ಇರುವುದರಿಂದ, ರೋಗಿಯ ಹಿಂದಿನ ಕರ್ಮವನ್ನು ಹುಡುಕುವ ನಮ್ಮ ಶ್ರಮ ನಮ್ಮ ಈಗಿನ ಕರ್ಮದ ಕಡೆಗೆ ತಿರುಗಬೇಕು ಎಂಬುದೇ ನನ್ನ ವಾದದ ಸಾರ.

ಇದರಿಂದ ಮಾಡಬೇಕಾದ್ದು ಏನೆಂದು ನೇರವಾಗಿಯೇ ಹೇಳಬಹುದು. ಡಾಕ್ಟರು, ಔಷಧಿ ಕೆಲಸ ಮಾಡುತ್ತಿಲ್ಲ ಎಂದು ಒಂದು ಸಾಲಿನಲ್ಲಿ ಮುಗಿಸದೆ, ಏಕೆ ಕೆಲಸ ಮಾಡುತ್ತಿಲ್ಲ ಎಂದು ರೋಗಿಯ ಭಾಷೆಯಲ್ಲಿ ಐದು ನಿಮಿಷ ಕೂತು ಹೇಳಬೇಕು. ನಿಮ್ಮಿಂದ ಏನೂ ತಪ್ಪಾಗಿಲ್ಲ ಎಂಬ ವಾಕ್ಯವೂ ಆ ವಿವರಣೆಯಲ್ಲಿ ಇರಬೇಕು. ಅರ್ಚಕರು, ಪಾದ್ರಿಗಳು, ಮೌಲವಿಗಳು ತಮ್ಮ ಬಳಿ ಬಂದ ರೋಗಿಗೆ ದೋಷ ಪರಿಹಾರದ ಪಟ್ಟಿ ಕೊಡುವ ಮೊದಲು ತಮ್ಮ ಗ್ರಂಥಗಳೇ ಕೊಟ್ಟಿರುವ ಎಚ್ಚರಿಕೆಯನ್ನು ನೆನೆಯಬೇಕು, ಪ್ರಾರ್ಥನೆ ಮಾಡಿಸಿ ತೀರ್ಪು ಕೊಡದೆ ಕಳಿಸಬೇಕು. ಮನೆಯವರು, ಏನು ಮಾಡಿದ್ದರೋ ಎಂಬ ಮಾತು ಯಾರ ಬಾಯಲ್ಲಿ ಬಂದರೂ ಅಲ್ಲೇ ತಡೆಯಬೇಕು; ನೋವು ಎಷ್ಟಿದೆ ಎಂದು ದಿನಾ ಕೇಳಿ, ಕಡಿಮೆ ಮಾಡಿ ಎಂದು ಡಾಕ್ಟರನ್ನು ಒತ್ತಾಯಿಸಬೇಕು. ದೇವರು ಇದ್ದಾನೆಂದು ನಂಬುವವರಿಗೂ ಇಲ್ಲವೆಂದು ನಂಬುವವರಿಗೂ ಈ ಕೆಲಸಗಳು ಒಂದೇ. ಲೋಕದಲ್ಲಿ ನ್ಯಾಯವಿದೆಯೇ ಎಂದು ಸಂಶಯಪಡುವವರಿಗೆ ನಾನು ಹೇಳುವುದು ಇಷ್ಟೇ: ಜೀವಕೋಶದೊಳಗೆ ನ್ಯಾಯವಿಲ್ಲ, ಅನ್ಯಾಯವೂ ಇಲ್ಲ. ನ್ಯಾಯ ಎಂಬುದೊಂದು ರೋಗಿಗೆ ದೊರೆಯುವುದಾದರೆ ಅದು ಸುತ್ತಲಿನವರಿಂದ ದೊರೆಯಬೇಕು. ಅವರು ಕೊಡದಿದ್ದರೆ ಅದನ್ನು ಕೊಡಲು ಬೇರೆ ಯಾರೂ ಇಲ್ಲ.